ನೆಲ ನೋಡಿ ಹಾಡುವ ಪೆಟ್ಟಿಗೆ

ಕುಮಟೆಯಲ್ಲಿರುವ ನನ್ನ ತಂಗಿಯ ಮಗಳು ಮನೆಗೆ ಹೊಸ ಸ್ಪೀಕರುಗಳನ್ನು ತಂದಿದ್ದಾಳೆ. ಅವಕ್ಕೆ ಜೋಡಿಯಾಗಿ ಒಂದು ಸಬ್‌ವೂಫರ್ ಬೇಕೆಂದು ಹುಡುಕಾಟ ನಡೆದಿದೆ. ಮೊನ್ನೆ ಫೋನಿನಲ್ಲಿ ಒಂದು ಚಿತ್ರ ತೋರಿಸಿ, "ದಪ್ಪ ದನಿಗೆ ಅಂತ್ಲೇ ಬೇರೆ ಪೆಟ್ಟಿಗೆ ದೊಡ್ಡಮ್ಮ. ಇದ್ರ ಬಾಯಿ ಕೆಳಗದೆ ಕಾಣು, ನೆಲ ನೋಡ್ಕಂಡು ಹಾಡ್ತದೆ. ಹೊಸಾ ನಮೂನೆ ಅಂತೆ" ಎಂದಳು. ನನಗೆ ಬಂದ ನಗು ಎಷ್ಟು ಹೊತ್ತಾದರೂ ನಿಲ್ಲಲಿಲ್ಲ. ಮುದುಕಿಗೆ ಏನೋ ಆಯಿತೆಂದು ಅವಳು ನೀರು ತಂದುಕೊಟ್ಟಳು.

ಆ ಹೊಸಾ ನಮೂನೆಯನ್ನು ನಾನು ಎಂಬತ್ತರ ದಶಕದ ಮೊದಲ ವರ್ಷಗಳಲ್ಲೇ, ಹೊನ್ನಾವರದ ಪೇಟೆಯ ಒಂದು ಮಾಳಿಗೆಯಲ್ಲಿ ನೋಡಿದ್ದೆ. ಮಾಡಿಸಿದವರು ಆ ಮಾಳಿಗೆಯಲ್ಲಿ ಟೈಪಿಂಗ್ ಕಲಿಸುತ್ತಿದ್ದ ನಮ್ಮ ಟೈಪಿಂಗ್ ಬಾಯಿ. ಕಳೆದ ಮಳೆಗಾಲದಲ್ಲಿ ಅವರು ತೀರಿಕೊಂಡರು. ಸುದ್ದಿ ಕೇಳಿ ಹೋದವರೆಲ್ಲ ಅಳು ಮುಖ ಮಾಡಿಕೊಂಡೇ ಕೂತಿದ್ದೆವು. ಆಮೇಲೆ ಯಾರೋ ಒಬ್ಬರು ಅವರ ಒಂದು ಮಾತು ನೆನಪಿಸಿದರು, ಇನ್ನೊಬ್ಬರು ಮತ್ತೊಂದನ್ನು ತೆಗೆದರು, ಕೊನೆಗೆ ಎಲ್ಲರೂ ಸೆರಗಿನಿಂದ ಕಣ್ಣೊರೆಸಿಕೊಂಡದ್ದು ನಕ್ಕು ನಕ್ಕು. ಅವರಿಗೆ ಅದೇ ಇಷ್ಟವಾಗುತ್ತಿತ್ತು.

ನಮ್ಮ ಕಡೆ ಹೆಂಗಸರನ್ನು ಬಾಯಿ ಎನ್ನುವುದು ಗೌರವದ ಮಾತು. ಅವರಿಗೆ ಮಾತ್ರ ಅದು ಎರಡೂ ಅರ್ಥದಲ್ಲಿ ಒಪ್ಪುತ್ತಿತ್ತು. ಮಾಳಿಗೆಯಲ್ಲಿ ಅವರು ಯಾರನ್ನಾದರೂ ಬೈದರೆ ಬಸ್‌ಸ್ಟ್ಯಾಂಡಿನಲ್ಲಿ ನಿಂತವರು ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಿದ್ದರು. ನಾನು ಮಂಕಿ ಊರಿನವಳು, ಆಗ ಹೊನ್ನಾವರದ ಶಾಲೆಯಲ್ಲಿ ಕಲಿಸುತ್ತಿದ್ದೆ, ಅವರ ಪಕ್ಕದ ಖೋಲಿಯಲ್ಲಿ ಬಾಡಿಗೆಗಿದ್ದೆ. ಮಧ್ಯೆ ಬರೀ ಹಲಗೆಯ ಗೋಡೆ. ಬಾಯಿ ಪಿಸುಮಾತಿನಲ್ಲಿ ಆಡಿದ ಗುಟ್ಟುಗಳು ಕೂಡ ನನಗೆ ಮಾತ್ರವಲ್ಲ, ಕೆಳಗಿನ ಕಿರಾಣಿ ಅಂಗಡಿಯವರಿಗೂ ತಿಳಿಯುತ್ತಿದ್ದವು. "ಸ್ವಲ್ಪ ಮೆಲ್ಲಗೆ ಬಾಯಿ" ಎಂದು ಹೇಳುವ ಧೈರ್ಯ ಆ ಪೇಟೆಯಲ್ಲಿ ಯಾರಿಗೂ ಇರಲಿಲ್ಲ. ಒಮ್ಮೆ ಶಾಲೆಯ ತಪಾಸಣೆಗೆ ಬಂದ ಸಾಹೇಬರೊಬ್ಬರು ಮಾಳಿಗೆ ಹತ್ತಿ ಹೇಳಲು ಹೋಗಿ, ತಮ್ಮ ಸಹಿಯೇ ಓದಲು ಬರುವುದಿಲ್ಲವೆಂದು ಅವರಿಂದ ಬೈಸಿಕೊಂಡು ಇಳಿದು ಹೋಗಿದ್ದರು.

ದನಿ ಅಷ್ಟು ದೊಡ್ಡದಾಗಲು ಕಾರಣವಿತ್ತು. ಅವರ ಊರು ತದಡಿ. ಅಪ್ಪ ಲಾಂಚಿನ ಇಂಜಿನ್ನಿನ ಪಕ್ಕ ಕೂತು ಆಯುಷ್ಯ ಕಳೆದವರು. ಇಂಜಿನ್ನು ಅವರ ಕಿವಿಯನ್ನು ವರ್ಷವರ್ಷವೂ ಒಂದಿಷ್ಟು ತಿನ್ನುತ್ತಾ ಹೋಯಿತು, ಮಗಳು ವರ್ಷವರ್ಷವೂ ದನಿ ಏರಿಸುತ್ತಾ ಹೋದರು. ಹೀಗೆ ಸುರುವಾದ ಕೂಗು ಅಭ್ಯಾಸವಾಗಿ, ಊಟಕ್ಕೆ ಕರೆಯುವಾಗಲೂ ಎದುರಿನವರು ನದಿಯ ಆಚೆ ದಡದಲ್ಲಿದ್ದಾರೆ ಎಂಬಂತೆಯೇ ಕರೆಯುತ್ತಿದ್ದರು.

ತಲೆಯ ಗಂಟಿಗೆ ಅಬ್ಬಲಿಗೆ ದಂಡೆ, ಅದರ ಪಕ್ಕದಲ್ಲೇ ಚುಚ್ಚಿದ ಒಂದು ಪೆನ್ಸಿಲು. ಇದು ಅವರ ಅಲಂಕಾರ. ಟೈಪಿಂಗ್ ಕಲಿಯಲು ಬಂದವರಿಗೆ ಬೆನ್ನು ಹಾಕಿ, ಕಿಟಕಿಯ ಕಡೆ ಮುಖ ಮಾಡಿ ಕೂರುತ್ತಿದ್ದರು. ಎದುರಿಗೆ ಬಜಾರಿನ ವ್ಯವಹಾರ ನೋಡುತ್ತ, ಹಿಂದಿನಿಂದ ಬರುವ ಟಕಟಕ ಕೇಳುತ್ತ, ತಿರುಗಿಯೂ ನೋಡದೆ, "ಮೂಲೆ ಮೆಷಿನ್ನು, ಎಡಗೈ ಸೋಮಾರಿ" ಎನ್ನುತ್ತಿದ್ದರು. ಎಡಗೈಯ ಕಿರುಬೆರಳು ಹೊಡೆಯುವ ಅಕ್ಷರ ಹಾಳೆಯ ಮೇಲೆ ಮಾಸಲಾಗಿ ಬಿದ್ದಿರುತ್ತಿತ್ತು. ಆ ಮಾಳಿಗೆ ಹತ್ತಿದವರಲ್ಲಿ "ಎಡಗೈ ಸೋಮಾರಿ" ಎಂದು ಕೇಳಿಸಿಕೊಳ್ಳದವರಿಲ್ಲ. ಮುಂದೆ ದೊಡ್ಡ ದೊಡ್ಡ ಆಫೀಸುಗಳಲ್ಲಿ ಕುರ್ಚಿ ಹಿಡಿದವರು ಸಿಕ್ಕಿದಾಗ ಇವತ್ತಿಗೂ ಇದನ್ನೇ ಹೇಳಿ ನಗುತ್ತಾರೆ.

ಇನ್ನೊಂದು ಅವರದೇ ಆದ ಮಾತಿತ್ತು, "ಹೊಟ್ಟೆ ಇಲ್ಲ" ಎನ್ನುವುದು. ಉಂಡ ಹೊಟ್ಟೆಯಲ್ಲ, ದನಿಯ ಹೊಟ್ಟೆ. ಭಾಷಣ ಮಾಡಿ ಹೋದ ಪುಢಾರಿಗೆ ಹೊಟ್ಟೆ ಇಲ್ಲ. ಸಾರಿಗೆ ಹುಳಿ ಕಮ್ಮಿಯಾದರೆ ಸಾರಿಗೆ ಹೊಟ್ಟೆ ಇಲ್ಲ. ತಮ್ಮನ್ನು ನೋಡಲು ಬಂದ ವರಗಳೆಲ್ಲ ಇದೇ ಒಂದು ಮಾತಿನಲ್ಲಿ ವಾಪಸಾಗಿದ್ದರು. "ಎಂತ ಮಾಡುದು ಅಕ್ಕೋರೆ, ಜನ ಒಳ್ಳೆವ್ನೇ. ಮಾತಾಡಿರೆ ಗಂಟ್ಲಿಂದ ಮೇಲೆ ಮಾತ್ರ ಕೇಳ್ತದೆ" ಎಂದು ಒಬ್ಬರ ಬಗ್ಗೆ ನನ್ನ ಹತ್ತಿರ ಹೇಳಿದ್ದರು. ಆ ವರ ಆಗಿನ್ನೂ ಮೆಟ್ಟಿಲು ಇಳಿಯುತ್ತಿದ್ದರು.

ಅವರ ಅಪ್ಪನ ಬಗ್ಗೆ ಹೇಳದೆ ಮುಂದೆ ಹೋಗಲಾಗದು. ತೆಳ್ಳಗಿನ ಮನುಷ್ಯ, ಹೆಗಲ ಮೇಲೆ ಬೆವರು ಒರೆಸಿಕೊಳ್ಳುವ ಪಂಜಿ, ಮುಖದ ತುಂಬ ನಗು. ಕಿವಿ ಕೇಳದವರಲ್ಲಿ ಸಿಡುಕುವವರು ಕೆಲವರು, ಇವರು ಮಾತ್ರ ಯಾರು ಏನೇ ಹೇಳಿದರೂ "ಹೌದು ಹೌದು" ಎಂದು ತಲೆಯಾಡಿಸುತ್ತಿದ್ದರು. ಊಟ ಆಯಿತೇ ಎಂದರೂ ಹೌದು ಹೌದು, ಮಳೆ ಬರಬಹುದೇ ಎಂದರೂ ಹೌದು ಹೌದು. ಅವರು ಹೀಗೆ ತಲೆಯಾಡಿಸಿದರೆಂದರೆ ಏನೂ ಕೇಳಿಸಿಲ್ಲ ಎಂದೇ ಅರ್ಥ. ಕೇಳಿಸಿದ್ದರೆ ಖಂಡಿತ ಏನಾದರೂ ತಕರಾರು ತೆಗೆಯುತ್ತಿದ್ದರು, ಮಗಳ ಅಪ್ಪನಲ್ಲವೇ.

ಹರೆಯದಲ್ಲಿ ಅವರು ತದಡಿಯ ಮೀನುಗಾರರ ಯಕ್ಷಗಾನ ತಂಡಕ್ಕೆ ಮದ್ದಲೆ ಬಾರಿಸುತ್ತಿದ್ದವರು. ಶ್ರುತಿ ಸರಿಯಾಗಿ ಕೂತಿದೆಯೋ ಇಲ್ಲವೋ ತಿಳಿಯದೆ ಹೋದ ದಿನ ಮದ್ದಲೆಯನ್ನು ಬೇರೆಯವರಿಗೆ ಕೊಟ್ಟುಬಿಟ್ಟರು. ನೋಡಲಾದರೂ ಹೋಗುತ್ತಿದ್ದವರು ಒಂದು ವರ್ಷ ಅದನ್ನೂ ನಿಲ್ಲಿಸಿದರು. ಹಿಮ್ಮೇಳದ ಪಕ್ಕದಲ್ಲೇ ಕೂರಿ ಎಂದು ತಂಡದವರು ಕರೆದರೆ, ಬಾರಿಸಿದವನು ಹೋಗಿ ಕಿವುಡನಾಗಿ ಬಗಲಲ್ಲಿ ಕೂರುವುದೇ ಎಂದು ಒಪ್ಪಲಿಲ್ಲ. "ವೇಷ ಕುಣಿತದೆ ತಂಗಿ, ಎಂತಕ್ಕೆ ಕುಣಿತದೆ ಅಂತ ಗೊತ್ತಾಗುದಿಲ್ಲ" ಎಂದು ಅವರು ಮಗಳ ಹತ್ತಿರ ಹೇಳಿದರಂತೆ. ಇದನ್ನು ನನಗೆ ಹೇಳುವಾಗ ಬಾಯಿ ನಿಜವಾಗಿಯೂ ಮೆಲ್ಲಗೆ ಹೇಳಿದ್ದರು. ಅಪ್ಪನಿಗೆ ಇನ್ನೊಮ್ಮೆ ಮದ್ದಲೆ ಕೇಳಿಸಬೇಕು ಎನ್ನುವ ಹಟ ಅವರಿಗೆ ಹಿಡಿದದ್ದು ಆಗ.

ಕಿವಿಯ ಮೆಷಿನ್ನು ಹಾಕಿಸಿದರು. ಅದು ಸೊಳ್ಳೆಯ ಹಾಗೆ ಕೊಂಯ್ ಎನ್ನುತ್ತದೆಂದು ಅಪ್ಪ ಅದನ್ನು ಟ್ರಂಕಿನಲ್ಲಿಟ್ಟು ಮುಚ್ಚಿದರು. ಮುಂದಿನ ಉಪಾಯವಾಗಿ ಬಾಯಿ ಭಟ್ಕಳಕ್ಕೆ ಹೋಗಿ, ದುಬೈ ಸಾಮಾನು ಮಾರುವ ಅಂಗಡಿಯಿಂದ ಒಂದು ಟೇಪ್ ರೆಕಾರ್ಡರ್ ತಂದರು, ಎರಡು ಸ್ಪೀಕರು ಬೇರೆ ಬೇರೆ ಇಡುವಂಥದ್ದು. ಪೇಟೆಯವರೆಲ್ಲ ನೋಡಲು ಬಂದರು. ಯಕ್ಷಗಾನದ ಕ್ಯಾಸೆಟ್ಟು ಹಾಕಿ ಅಪ್ಪನನ್ನು ಎದುರಿಗೆ ಕೂರಿಸಿದರೆ ಅವರು ಕ್ಯಾಸೆಟ್ಟಿನ ಚಕ್ರವನ್ನೇ ನೋಡುತ್ತ ಕೂತರು. ಚಂಡೆ ಕಿವಿ ಹರಿಯುವಂತೆ ಕೇಳುತ್ತಿತ್ತು, ನಮಗೆ. ಅಪ್ಪ "ಹೌದು ಹೌದು" ಎಂದರು. ಆಮೇಲೆ ಸ್ಪೀಕರಿನ ಮೇಲೆ ಅಂಗೈ ಇಟ್ಟು ನೋಡಿ, "ಇದ್ರ ಹೊಟ್ಟೆ ಖಾಲಿ, ತಂಗಿ" ಎಂದರು. ಬಾಯಿಯ ಆ ಮಾತಿನ ಮೂಲ ಎಲ್ಲಿತ್ತೆಂದು ನನಗೆ ಆಗ ತಿಳಿಯಿತು.

ಆದರೆ ಬಾಯಿ ಒಂದು ಸಂಗತಿ ಗಮನಿಸಿದ್ದರು. ಅಪ್ಪನಿಗೆ ಬಸ್ಸಿನ ಹಾರ್ನು ಕೇಳುವುದಿಲ್ಲ, ಮಕ್ಕಳ ಕೂಗು ಕೇಳುವುದಿಲ್ಲ, ಚಂಡೆಯೂ ಕೇಳುವುದಿಲ್ಲ. ದೂರದಲ್ಲಿ ಲಾರಿ ಬಂದರೆ ಮಾತ್ರ ನಮಗಿಂತ ಮೊದಲು ಅವರೇ "ಲಾರಿ ಬಂತು" ಎನ್ನುತ್ತಿದ್ದರು. "ಮೇಲಿನ ದನಿ ಹೋಗ್ಯದೆ, ಕೆಳಗಿನ ದನಿ ಉಳ್ದದೆ ಅಕ್ಕೋರೆ. ಮದ್ದಲೆ ಎಡಬದಿ ಕೆಳಗಿಂದೇ ಅಲ್ದಾ? ಈ ಸಣ್ಣ ಪೆಟ್ಟಿಗೆಯಿಂದ ಅದು ಹೊರಗೇ ಬತ್ತಿಲ್ಲ" ಎಂದರು. ಅಂದರೆ ಕೆಳಗಿನ ದನಿಯನ್ನು ಹೊರಡಿಸುವ ಇನ್ನೊಂದು ಪೆಟ್ಟಿಗೆ ಬೇಕು. ಅದಕ್ಕೆ ಬೇಸ್ ಎನ್ನುತ್ತಾರೆಂದು ಕುಮಟೆಯ ರೇಡಿಯೋ ರಿಪೇರಿಯವರು ಹೇಳಿದರು.

ಅಲ್ಲಿಂದ ಬೇಸಿನ ಬೇಟೆ ಸುರುವಾಯಿತು. ರಜಾದಿನ ಬಂತೆಂದರೆ ಬಾಯಿ ಕ್ಯಾಸೆಟ್ಟನ್ನು ಪರ್ಸಿನಲ್ಲಿಟ್ಟು, ಜೊತೆಗೆ ನನ್ನನ್ನೂ ಎಳೆದುಕೊಂಡು ಹೊರಡುತ್ತಿದ್ದರು. "ಟೈಪಿಂಗ್ ಬಾಯಿ ಅಂತೂ ವರ ನೋಡೂಕೆ ಹೊರಟ್ರು" ಎಂದು ಕಿರಾಣಿ ಅಂಗಡಿಯವರು ನಗುತ್ತಿದ್ದರು. ಮಾತು ಸುಳ್ಳಲ್ಲ, ನೋಡುವ ರೀತಿ ಹಾಗೆಯೇ ಇತ್ತು. ಅಂಗಡಿಯಲ್ಲಿ ಒಂದು ಲೋಟ ನೀರು ಕೇಳುವರು. ಅಂಗಡಿಯವರು ಬಾಯಾರಿಕೆಗೆಂದು ಕೊಟ್ಟರೆ ಅದನ್ನು ನೆಲದ ಮೇಲಿಟ್ಟು, ಸ್ಪೀಕರು ಹಾಕಿಸಿ, ನೀರಿನ ಮೇಲೆ ಏಳುವ ಅಲೆಯನ್ನು ಬಗ್ಗಿ ನೋಡುವರು. ಗಿರಾಕಿಗಳೂ ಬಗ್ಗುವರು. ಎಲ್ಲ ಮುಗಿದ ಮೇಲೆ ಆ ನೀರು ಕುಡಿದು, "ಗುಣ ಇಲ್ಲ" ಎಂದು ಎದ್ದು ಬರುವರು.

ಭಟ್ಕಳದ ಅದೇ ದುಬೈ ಅಂಗಡಿಯ ಸಾಹೇಬರು ತಾಳ್ಮೆಯ ಮನುಷ್ಯ. ಆಳೆತ್ತರದ ಒಂದು ಸ್ಪೀಕರು ಹಾಕಿ ತೋರಿಸಿದರು. ಅದರೊಳಗಿಂದ ಬಂದ ಇಂಗ್ಲಿಷ್ ಕುಣಿತದ ಸದ್ದಿಗೆ ಕಪಾಟಿನ ಗಾಜು ನಡುಗಿತು.

"ಹೇಗೆ ಬಾಯಿ? ಜಪಾನಿ ಮಾಲು. ಎದೆ ಒಳಗೆ ಗುದ್ದುತ್ತದಲ್ಲ?" ಎಂದರು ಸಾಹೇಬರು.

"ಗುದ್ತದೆ ಸಾಹೇಬ್ರೆ. ಎಲ್ಲದಕ್ಕೂ ಒಂದೇ ಗುದ್ದು ಗುದ್ತದೆ. ಈಗ ನನ್ನ ಕ್ಯಾಸೆಟ್ ಹಾಕಿ."

ಹಾಕಿದರು. ಮದ್ದಲೆಯ ಪೆಟ್ಟುಗಳೆಲ್ಲ ಒಂದರ ಮೇಲೊಂದು ಬಿದ್ದು ಕಲಸಿದ ಗಂಜಿಯಾದವು. ಭಾಗವತರ ಹಾಡು ಅದರೊಳಗೆ ಮುಳುಗಿಯೇ ಹೋಯಿತು.

"ಕಂಡ್ರಾ? ಯಾರೋ ಕದ ಬಡ್ದಾಂಗೆ ಕೇಳ್ತದೆ. ಮದ್ದಲೆ ಒಂದೊಂದು ಪೆಟ್ಟಿಗೂ ಒಂದೊಂದು ಮಾತು ಆಡ್ತದೆ, ಅದು ಬಿಡಿ ಬಿಡಿ ಕೇಳ್ಬೇಕು. ಮತ್ತೆ ಮನೇಲಿ ಇದ್ದ ಆ ಎರಡು ಸಣ್ಣದ್ರ ಸಂಗ್ತಿ ಹೊಂದ್ಕಂಡು ಹೋಗ್ಬೇಕು. ಇದು ಬಂದ್ರೆ ಅವು ಬಾಯಿ ಬಿಡುಹಾಂಗಿಲ್ಲ."

"ಬಾಯಿ, ನೀವು ಹೇಳುವುದು ಸ್ಪೀಕರ್ ಅಲ್ಲ. ಸೊಸೆ" ಎಂದರು ಸಾಹೇಬರು. ಮೂವರೂ ಮನಸಾರೆ ನಕ್ಕೆವು. ಚಹ ತರಿಸಿಕೊಟ್ಟು ಕಳಿಸಿದರು.

ಕಡೆಗೆ ಕೈಹಿಡಿದದ್ದು ಕುಮಟೆಯ ರೇಡಿಯೋ ರಿಪೇರಿಯವರೇ. ಅವರ ಹತ್ತಿರ ಅಗಲವಾದ ಕಾಗದದ ಬಟ್ಟಲಿನ ಒಂದು ದೊಡ್ಡ ಸ್ಪೀಕರು ಬಿದ್ದಿತ್ತು, ಯಾವುದೋ ಟೆಂಟ್ ಸಿನೆಮಾದವರು ಬಿಟ್ಟುಹೋದದ್ದು. ಮೇಲಿನ ದನಿ ಇದಕ್ಕೆ ಹೋಗದಂತೆ ತಡೆಯಲು ತಾಮ್ರದ ತಂತಿ ಸುತ್ತಿ ಕೊಡುತ್ತೇನೆ, ಆದರೆ ಪೆಟ್ಟಿಗೆ ಒಳ್ಳೆಯದಾಗದಿದ್ದರೆ ಎಲ್ಲ ವ್ಯರ್ಥ, ಗಟ್ಟಿ ಮರದಲ್ಲಿ ಮಾಡಿಸಿ ಎಂದರು. ಹಿರೇಗುತ್ತಿಯಲ್ಲಿ ಬಾಯಿಗೆ ಗುರುತಿನ, ಮರಗೆಲಸದ ಒಬ್ಬ ಆಚಾರರಿದ್ದರು. ತದಡಿಗೆ ಹೋಗುವ ದಾರಿಯಲ್ಲಿ ಇಳಿದು ಅವರಿಗೆ ಹೇಳಿದೆವು. ಆ ಮಾತುಕತೆ ನನಗೆ ಅಕ್ಷರಶಃ ನೆನಪಿದೆ, ಯಾಕೆಂದರೆ ಮುಂದಿನ ಎಡವಟ್ಟೆಲ್ಲ ಅದರಿಂದಲೇ ಹುಟ್ಟಿತು.

"ಆಚಾರ್ರೆ, ನಂಗೆ ಒಂದು ಬೇಸ್ ಆಗ್ಬೇಕಾಗಿತ್ತು. ಗಟ್ಟಿ ಹಲಸಿಂದು, ಒಳಗೆ ಪೊಳ್ಳು. ಮೇಲೆ ಎರಡು ಸಣ್ಣ ಪೆಟ್ಟಿಗೆ ಇಡೂಕೆ ಬರ್ಬೇಕು."

"ಆತು. ಯಾವ ದೇವ್ರಿಗೆ ಬಾಯಿ?"

ಬಾಯಿಗೆ ತಮಾಷೆ ಸುಮ್ಮನಿರಲು ಬಿಡಲಿಲ್ಲ. "ಮದ್ದಲೆ ದೇವ್ರಿಗೆ" ಎಂದರು. ಆಚಾರರು ನಗಲಿಲ್ಲ. ಗಂಭೀರವಾಗಿ ಅಳತೆ ಬರೆದುಕೊಂಡರು.

ಪೆಟ್ಟಿಗೆ ಆಗಿದೆ ಎಂದು ಹೇಳಿಕಳಿಸಿದಾಗ ರೇಡಿಯೋದವರನ್ನೂ ಕುಮಟೆಯಿಂದ ಕರೆದುಕೊಂಡು, ದೊಡ್ಡ ಸ್ಪೀಕರು ಮಡಿಲಲ್ಲಿಟ್ಟುಕೊಂಡು ಹಿರೇಗುತ್ತಿಗೆ ಹೋದೆವು. ಆಚಾರರು ಮೇಲಿನ ಗೋಣಿಯನ್ನು ಮೆಲ್ಲಗೆ ಸರಿಸಿದರು. ಒಳಗಿದ್ದದ್ದು ಪೀಠ. ಸುತ್ತಲೂ ಕಮಲದ ದಳ, ನಾಲ್ಕು ಮೂಲೆಗೂ ಸಿಂಹದ ಪಾದ, ಮೇಲೆ ಕನ್ನಡಿಯಂಥ ಹಲಗೆ. ದೇವರ ಮೂರ್ತಿ ಕೂರಿಸಲು ಮಾಡುವಂಥದ್ದು, ಅದೂ ಊರಿಗೇ ಒಂದು ಇರುವಂಥದ್ದು. ನಮಗೆ ಬೇಸ್ ಎಂದರೆ ದಪ್ಪ ದನಿ, ಆಚಾರರಿಗೆ ಬೇಸ್ ಎಂದರೆ ಪೀಠ. ಎರಡಕ್ಕೂ ಒಂದೇ ಹೆಸರಿಟ್ಟವರನ್ನು ಹಿಡಿದು ಬೈಯೋಣವೆಂದರೆ ಅವರು ಯಾವ ದೇಶದಲ್ಲಿದ್ದಾರೋ.

ರೇಡಿಯೋದವರು ತಲೆಮೇಲೆ ಕೈ ಹೊತ್ತರು. ಬಾಯಿ ಮಾತ್ರ ಪೀಠದ ಎದುರು ಕೂತು ಬೆರಳ ಗೆಣ್ಣಿನಿಂದ ಹಲಗೆಯನ್ನು ಒಮ್ಮೆ ತಟ್ಟಿದರು. ಒಳಗಿಂದ ಧೊಂ ಎಂದು ಬಂತು. ಮತ್ತೊಮ್ಮೆ ತಟ್ಟಿದರು. ಮುಖ ಅರಳಿತು. "ಹೊಟ್ಟೆ ಅದೆ" ಎಂದರು. ಮದ್ದಲೆಯನ್ನೂ ಹಲಸಿನ ಮರದಲ್ಲಿ ಕೊರೆಯುತ್ತಾರೆ, ಆ ಮರಕ್ಕೆ ಆ ಗುಣ ಹುಟ್ಟಿನಿಂದಲೇ ಬಂದಿರಬೇಕು.

ಸ್ಪೀಕರು ಕೂರಿಸಲು ಎದುರಿನ ಬದಿಯಲ್ಲಿ ದೊಡ್ಡ ತೂತು ಕೊರೆಯಬೇಕೆಂದು ರೇಡಿಯೋದವರು ಹೇಳಿದ್ದೇ ತಡ, ಆಚಾರರು ಪೀಠಕ್ಕೆ ಅಡ್ಡ ನಿಂತರು. "ದಳಕ್ಕೆ ಉಳಿ ಹಾಕುದಿಲ್ಲ ನಾ. ನನ್ನ ಕೈ ಮುರ್ದು ಹೋಗ್ಲಿ. ಬೇಕಾರೆ ಅಡಿಬದಿಗೆ ಕೊರ್ದು ಕೊಡ್ತೆ, ಯಾರಿಗೂ ಕಾಣುದಿಲ್ಲ."

"ನೆಲ ನೋಡ್ಕಂಡು ಹಾಡುವ ಸ್ಪೀಕರ್ ಎಲ್ಲಾದ್ರೂ ಉಂಟಾ ಆಚಾರ್ರೆ?" ಎಂದರು ರೇಡಿಯೋದವರು.

ಬಾಯಿ ಆಚಾರರ ಕಡೆ ತಿರುಗಿದರು. "ಕೊರೀರಿ ಆಚಾರ್ರೆ. ನಮ್ಮಪ್ಪನೂ ನೆಲದ ಮೇಲೇ ಕೂರುದು."

ಹೀಗೆ ಅಡಿಬದಿಗೆ ಬಾಯಿ ಇಟ್ಟುಕೊಂಡು, ಸಿಂಹದ ಪಾದಗಳ ಮೇಲೆ ನಿಂತು, ಮೈತುಂಬ ಕಮಲ ಹೊತ್ತ ಆ ಬೇಸು ಬಸ್ಸಿನ ತಲೆಯ ಮೇಲೆ ಹೊನ್ನಾವರಕ್ಕೆ ಬಂತು. ಇಳಿಸಿದವರಲ್ಲಿ ಇಬ್ಬರು ಕೈಮುಗಿದರು. ಟೈಪಿಂಗ್ ಕಲಿಯುವವರು ಪರೀಕ್ಷೆಗೆ ಹೊರಡುವಾಗ ಅದಕ್ಕೆ ಹೂವಿಡುವುದು ಮುಂದೆ ರೂಢಿಯೇ ಆಯಿತು. ಬಾಯಿ ಬೇಡವೆನ್ನಲಿಲ್ಲ, "ಎಡಗೈ ಸೋಮಾರಿ ಇದ್ದವ್ರಿಗೆ ಯಾವ ದೇವ್ರೂ ಒಲಿಯುದಿಲ್ಲ" ಎಂದಷ್ಟೇ ಹೇಳುತ್ತಿದ್ದರು.

ಒಂದು ಭಾನುವಾರ ಮಧ್ಯಾಹ್ನ ತದಡಿಯಿಂದ ಅಪ್ಪ ಬಂದರು. ಬಾಯಿ ಬೆಳಗಿನಿಂದ ನಿಂತಲ್ಲಿ ನಿಂತಿರಲಿಲ್ಲ. ರೇಡಿಯೋದವರು ತಂತಿ ಜೋಡಿಸಿ ಕೂತಿದ್ದರು, ಕಿರಾಣಿ ಅಂಗಡಿಯವರು ಬಾಗಿಲು ಮುಚ್ಚಿ ಮೇಲೆ ಬಂದಿದ್ದರು, ನಾನು ಹೊಸಿಲ ಹತ್ತಿರ ಇದ್ದೆ. ಅಪ್ಪನಿಗೆ ಯಾರೂ ಏನೂ ಹೇಳಿರಲಿಲ್ಲ. ಅವರು ಪೀಠವನ್ನು ನೋಡಿ, ಮೇಲೆ ದೇವರಿಲ್ಲದ್ದನ್ನೂ ನೋಡಿ, ಮಾಳಿಗೆಯ ಹಲಗೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಎಲೆಯಡಿಕೆ ಬಿಚ್ಚಿದರು.

ಕ್ಯಾಸೆಟ್ಟು ತಿರುಗಿತು. ಮೊದಲಿಗೆ ಭಾಗವತರ ದನಿ ಒಂದೇ. ಬಾಯಿ ಅಪ್ಪನ ಕಡೆ ಬಗ್ಗಿ, "ಕೇಳ್ತದ್ಯಾ ಅಪ್ಪಾ?" ಎಂದು ಕೂಗಿದರು. ಅಪ್ಪ ಮುಖವೆತ್ತಿ ನಕ್ಕು ತಲೆಯಾಡಿಸಿದರು, "ಹೌದು ಹೌದು."

ಅದರ ಅರ್ಥ ಗೊತ್ತಿದ್ದವರು ನಾವೆಲ್ಲ. ಬಾಯಿ ನನ್ನ ಕಡೆ ನೋಡಿದರು. ಅಷ್ಟು ದೊಡ್ಡ ಹೆಂಗಸಿನ ಮುಖ ಅಷ್ಟು ಸಣ್ಣದಾದದ್ದನ್ನು ನಾನು ಅದೇ ಮೊದಲು ನೋಡಿದ್ದು. ನನಗೇ ಅಳು ಬರುವ ಹಾಗಾಯಿತು. ಎಷ್ಟು ಅಂಗಡಿ, ಎಷ್ಟು ಬಸ್ಸು, ಎಷ್ಟು ಲೋಟ ನೀರು.

ಅಷ್ಟರಲ್ಲಿ ಮದ್ದಲೆ ಎದ್ದಿತು. ನನ್ನ ಅಂಗಾಲಿನಡಿ ಹಲಗೆ ಒಮ್ಮೆ ಮಿಡಿಯಿತು. ಒಂದು ಪೆಟ್ಟು, ಅದರ ಬೆನ್ನಿಗೆ ಎರಡು, ಆಮೇಲೆ ಒಂದು ಸಾಲು, ಬಿಡಿ ಬಿಡಿಯಾಗಿ. ಕೆಳಗೆ ಅಂಗಡಿಯ ತಗಡಿನ ಡಬ್ಬಿಗಳು ಗಲಗಲ ಎಂದವು. ಅಪ್ಪ ಎಲೆಗೆ ಸುಣ್ಣ ಹಚ್ಚುತ್ತಿದ್ದವರು ಬೆರಳನ್ನು ಅಲ್ಲೇ ನಿಲ್ಲಿಸಿದರು. ಲಾರಿ ಬಂತು ಎನ್ನುತ್ತಾರೆಂದು ನಾನು ಕಾದೆ. ಅವರು ಕಿಟಕಿಯ ಕಡೆ ನೋಡಲಿಲ್ಲ. ಎಲೆಯನ್ನು ಕೆಳಗಿಟ್ಟು ಅಂಗೈಯನ್ನು ನೆಲಕ್ಕೆ ಒತ್ತಿದರು. ಇನ್ನೊಂದು ಕೈ ತೊಡೆಯ ಮೇಲೆ ತನ್ನಷ್ಟಕ್ಕೇ ತಾಳ ಹಾಕತೊಡಗಿತು. ಹಾಡು ಏರಿದಂತೆ ಆ ಕೈಯೂ ಏರಿತು, ಒಂದು ಮುಕ್ತಾಯಕ್ಕೆ ಮದ್ದಲೆಯೂ ತೊಡೆಯ ಮೇಲಿನ ಕೈಯೂ ಒಟ್ಟಿಗೇ ಬಂದು ಬಿದ್ದವು.

"ಯಾರವ ಬಾರ್ಸುದು?" ಎಂದರು ಅಪ್ಪ. ಅವರ ಮುಖದಲ್ಲಿ ನಗು ಇರಲಿಲ್ಲ. ಹುಬ್ಬು ಗಂಟು ಹಾಕಿತ್ತು. "ಬಲಗೈ ಅಡ್ಡಿಲ್ಲ. ಎಡಗೈ ಸೋಮಾರಿ."

ಕಿರಾಣಿ ಅಂಗಡಿಯವರು ಹೋ ಎಂದು ನಕ್ಕರು, ರೇಡಿಯೋದವರು ಪೀಠಕ್ಕೆ ಕೈಮುಗಿದೇಬಿಟ್ಟರು. ಬಾಯಿಗೆ ಸಂತೋಷ ತಡೆಯಲಾಗಲಿಲ್ಲ. ಅಪ್ಪನ ಮುಂದೆ ಕುಳಿತು, ಕಣ್ಣಲ್ಲಿ ನೀರು ಸುರಿಸುತ್ತ, ಭಟ್ಕಳದ ಜಪಾನಿ ಪೆಟ್ಟಿಗೆಯಿಂದ ಹಿಡಿದು ಆಚಾರರ ಕಮಲದ ತನಕ ಎಲ್ಲವನ್ನೂ ಒಂದೇ ಉಸಿರಿಗೆ, ತಮ್ಮ ಪೂರಾ ದನಿಯಲ್ಲಿ ಹೇಳತೊಡಗಿದರು. ಅಪ್ಪ ನೆಲದಿಂದ ಕೈ ತೆಗೆಯದೆ, ಇನ್ನೊಂದು ಕೈಯನ್ನು ಮಗಳ ಬಾಯಿಯ ಎದುರು ಅಡ್ಡ ಹಿಡಿದರು.

"ಸುಮ್ಮಂಗಿರು ತಂಗಿ. ಕೇಳೂಕೆ ಬಿಡು."

ಬಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಅಲ್ಲೇ ನೆಲದ ಮೇಲೆ ಕೂತರು. ಕ್ಯಾಸೆಟ್ಟಿನ ಆ ಬದಿ ಮುಗಿಯುವವರೆಗೂ ಹೊನ್ನಾವರದ ಪೇಟೆಗೆ ಅವರ ದನಿ ಕೇಳಲಿಲ್ಲ.